ಸುಖಾಗಮನ ಬಯಸುವವರು

ಪ್ರೇಮಾನಂದ ತೀರಿಕೊಂಡ ಸುದ್ದಿ ಲೀಲಾಧರ ಶೆಟ್ಟರಿಗೆ ತಿಳಿದದ್ದು ಬೈಂದೂರಿನ ಬಸ್‌ಸ್ಟ್ಯಾಂಡಿನಲ್ಲಿ, ಸೋಣೆ ತಿಂಗಳ, ಎಂದರೆ ಸೆಪ್ಟೆಂಬರಿನ, ಒಂದು ಬುಧವಾರ, ಬೆಳಿಗ್ಗೆ ಏಳು ಗಂಟೆಗೆ. ಕೋಟೇಶ್ವರದಿಂದ ಎಂದಿನ ಮೊದಲ ಬಸ್ಸಿನಲ್ಲಿ ಬಂದು ಇಳಿಯುತ್ತಿದ್ದಂತೆ ಹೋಟೆಲಿನ ಅಡುಗೆಯ ಪ್ರವೀಣ ಎದುರಿಗೆ ಬಂದು ನಿಂತ. ಹೆಗಲ ಮೇಲೆ ಬೈರಾಸು ಹಾಗೆಯೇ ಇತ್ತು. ಒಲೆಯ ಮುಂದೆ ಇರಬೇಕಾದವನು ರಸ್ತೆಯಲ್ಲಿ ನಿಂತಿದ್ದ.

"ಪ್ರೇಮಣ್ಣ ಹೋದ್ರ್, ಶೆಟ್ರೆ," ಎಂದ ಅವನು. ಆಮೇಲೆ ಬೈರಾಸಿನಿಂದ ಮುಖ ಒರೆಸಿಕೊಂಡ.

ಬೆಳಿಗ್ಗೆ ಮಿಂದು ಬಂದು ದೇವರಿಗೆ ದೀಪ ಹಚ್ಚಲು ಕೂತವರು ಹಾಗೆಯೇ ಮಗ್ಗುಲಿಗೆ ಒರಗಿದರಂತೆ. ಹೆಂಡತಿ ಪ್ರಫುಲ್ಲಾ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಐವತ್ತಾರು ವರ್ಷ ಸಾಯುವ ಪ್ರಾಯವಲ್ಲ. ಆದರೆ ಕರೆಯುವವನು ಪ್ರಾಯ ಕೇಳಿ ಕರೆಯುವುದಿಲ್ಲ.

ತಾವು ಮೇಲ್ವಿಚಾರಣೆ ನೋಡುತ್ತಿದ್ದ ಪ್ರೇಮಾನಂದನ ಹೋಟೆಲಿಗೆ ಶೆಟ್ಟರು ಬಂದರು. ಕೆಲಸದವರೆಲ್ಲ ಜಗಲಿಯಲ್ಲಿ ಸುಮ್ಮನೆ ನಿಂತಿದ್ದರು. ರಾತ್ರಿ ರುಬ್ಬಿದ ಇಡ್ಲಿ ಹಿಟ್ಟು ಉಕ್ಕಿ ಪಾತ್ರೆಯ ಅಂಚಿಗೆ ಬಂದಿತ್ತು. ಸಾವಿನ ದಿನ ವ್ಯಾಪಾರ ಮಾಡುವ ಹಾಗಿಲ್ಲ, ಹಿಟ್ಟು ಚೆಲ್ಲುವ ಹಾಗೂ ಇಲ್ಲ. ಅನ್ನ ಚೆಲ್ಲಿದರೆ ಪ್ರೇಮಾನಂದ ಎಂದೂ ಸಹಿಸಿದವನಲ್ಲ. ಅವರು ಪ್ರವೀಣನಿಗೆ ಹೇಳಿ ಇಡ್ಲಿ ಬೇಯಿಸಿ ಕೆಲಸದವರಿಗೆಲ್ಲ ತಿನ್ನಿಸಿದರು, ಉಳಿದದ್ದನ್ನು ರೈಲ್ವೆ ಸ್ಟೇಷನ್ನಿನ ಹತ್ತಿರ ಬೀಡು ಬಿಟ್ಟಿದ್ದ ರಸ್ತೆ ಕೆಲಸದವರಿಗೆ ಕಳಿಸಿದರು. ತಾವೊಂದು ತುತ್ತೂ ಮುಟ್ಟಲಿಲ್ಲ. ಬಾಗಿಲು ಎಳೆದು ಬೀಗ ಹಾಕಿ ಸಾವಿನ ಮನೆಗೆ ನಡೆದರು.

ದಾರಿಯಲ್ಲಿ ಅವರಿಗೊಂದು ಮಾತು ನೆನಪಾಯಿತು. ನೆನಪಾದದ್ದಕ್ಕೆ ನಾಚಿಕೆಯೂ ಆಯಿತು. ಬರುವ ಮಂಗಳವಾರ ಕುಂದಾಪುರದ ಕೋರ್ಟಿಗೆ ಬಂದು ಅವರ ಪರವಾಗಿ ಸಾಕ್ಷಿ ಹೇಳಬೇಕಾಗಿದ್ದವನು ಇದೇ ಪ್ರೇಮಾನಂದ.

ಶೆಟ್ಟರ ಊರು ಕೊಕ್ಕರ್ಣೆ. ಹದಿನೆಂಟನೆಯ ಪ್ರಾಯಕ್ಕೆ ಮುಂಬೈ ಕಡೆಗೆ ಹೋಗಿ, ಥಾಣೆಯಲ್ಲಿ ಸ್ವಂತ ಹೋಟೆಲು ಮಾಡಿ, ಮೂವತ್ತು ವರ್ಷ ಗಲ್ಲಾದ ಮೇಲೆ ಕೂತವರು. ಆ ಹೋಟೆಲಿಗೆ ಇಪ್ಪತ್ತೈದರ ಪ್ರಾಯದಲ್ಲಿ ಸಪ್ಲಾಯರ್ ಆಗಿ ಬಂದವನು ಪ್ರೇಮಾನಂದ. ಅವನಿಗೆ ಬಿಲ್ಲು ಬರೆಯಲು, ಸಾಮಾನು ಕೊಳ್ಳಲು, ಗಿರಾಕಿಯ ಮುಖ ಓದಲು ಕಲಿಸಿದವರು ಶೆಟ್ಟರು. ಹದಿನೈದು ವರ್ಷದ ಮೇಲೆ ಅವನು ಊರಿಗೆ ಬಂದು ಸಣ್ಣ ಕ್ಯಾಂಟೀನು ಹಾಕಿ ಮೇಲೆ ಬಂದ. ಶೆಟ್ಟರು ಕೆಳಗಿಳಿದರು. ಕೊರೋನಾ ಕಾಲದಲ್ಲಿ ಮುಚ್ಚಿದ ಬಾಗಿಲನ್ನು ಅವರಿಂದ ಮತ್ತೆ ತೆರೆಯಲಾಗಲಿಲ್ಲ. ಫ್ಲ್ಯಾಟು ಮಾರಿದರು, ಹೆಂಡತಿ ಉಮಾವತಿಯ ಬಂಗಾರ ಮಾರಿದರು. ಆದರೂ ಐದು ಮಂದಿಗೆ ಹತ್ತೊಂಬತ್ತು ಲಕ್ಷ ಬಾಕಿ ಉಳಿಯಿತು. ಕೋಟೇಶ್ವರದಲ್ಲಿ ಬಾಡಿಗೆ ಮನೆ ಹಿಡಿದು, ಕುಂದಾಪುರದ ಕೋರ್ಟಿನಲ್ಲಿ ಪಾಪರ್ ಅರ್ಜಿ ಹಾಕಿದರು.

ಪಾಪರ್ ಅರ್ಜಿ ಎಂದರೆ ಊರಿನವರು ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ. ಆದರೆ ಅದರ ಹುರುಳು ಇಷ್ಟೇ. ನನ್ನಲ್ಲಿ ಇರುವುದು ಇಷ್ಟು, ನಾನು ಕೊಡಬೇಕಾದದ್ದು ಅಷ್ಟು, ಇರುವುದನ್ನು ಕೋರ್ಟೇ ಹಂಚಲಿ, ಅಲ್ಲಿಯವರೆಗೆ ಸಾಲ ಕೊಟ್ಟವರು ನನ್ನನ್ನು ಹಿಡಿದು ಒಳಗೆ ಹಾಕಿಸದಿರಲಿ ಎಂದು ಕೈ ಮುಗಿದು ಕೇಳುವುದು. ಆಗ ಶೆಟ್ಟರು ಬಾರ್ಕೂರಿನ ಒಂದು ಕ್ಯಾಂಟೀನಿನಲ್ಲಿ ಬಿಲ್ಲು ಬರೆಯುತ್ತಿದ್ದರು, ಒಂಬತ್ತು ಸಾವಿರ ಸಂಬಳ. ಅದರಲ್ಲಿ ತಿಂಗಳಿಗೆ ಒಂದು ಸಾವಿರವನ್ನು ರಿಸೀವರ ಬಳಿ ಕಟ್ಟಬೇಕೆಂದು ಕೋರ್ಟು ಹೇಳಿತು. ರಿಸೀವರು ಎಂದರೆ ಸಾಲ ಕೊಟ್ಟವರಿಗೆ ದುಡ್ಡು ಹಂಚಲು ಕೋರ್ಟು ನೇಮಿಸಿದ ವಕೀಲರು. ಕೆಲಸ ಬದಲಾದರೆ, ಸಂಬಳ ಹೆಚ್ಚಾದರೆ ಕೂಡಲೇ ತಿಳಿಸಬೇಕು, ಮುಚ್ಚಿಟ್ಟರೆ ಅರ್ಜಿಯೇ ಬಿದ್ದುಹೋಗುತ್ತದೆ ಎಂದು ಶೆಟ್ಟರ ವಕೀಲೆ ಪ್ರಣೀತಾ ಅಂದೇ ಎಚ್ಚರಿಸಿದ್ದಳು.

ಕೆಲಸ ಬದಲಾದದ್ದು ಈ ವರ್ಷದ ಮೇ ತಿಂಗಳಲ್ಲಿ. ಪ್ರೇಮಾನಂದ ಬೈಂದೂರಿನ ಹೆದ್ದಾರಿಯ ಬದಿಯಲ್ಲಿ ದೊಡ್ಡ ಹೋಟೆಲು ಕಟ್ಟಿಸಿದ. ತೆರೆಯುವುದಕ್ಕೆ ಒಂದು ತಿಂಗಳಿದೆ ಎನ್ನುವಾಗ ಬಾರ್ಕೂರಿಗೆ ಬಂದು, ಕ್ಯಾಂಟೀನಿನ ಮೂಲೆಯಲ್ಲಿ ಬಿಲ್ಲು ಪುಸ್ತಕ ಹಿಡಿದು ಕೂತಿದ್ದ ಶೆಟ್ಟರ ಎದುರು ನಿಂತ. "ನೀವ್ ಇಲ್ಲಿ ಕೂಕಂಬುದ್ ನಂಗೆ ಕಾಂಬುಕೆ ಎಡಿತಿಲ್ಲೆ," ಎಂದ. ಅದನ್ನು ನೋಡಿ ಸಹಿಸಲಾರದೆ, ತನ್ನ ಹೋಟೆಲಿನ ಮೇಲ್ವಿಚಾರಣೆಗೆ ಬರಬೇಕೆಂದ. ತಿಂಗಳಿಗೆ ಇಪ್ಪತ್ತೆಂಟು ಸಾವಿರ.

ಇಲ್ಲಿಯವರೆಗೆ ಎಲ್ಲ ಸರಿ. ತಪ್ಪು ನಡೆದದ್ದು ಎರಡು ಕಡೆ, ಎರಡೂ ಮರ್ಯಾದೆಯಿಂದಲೇ ನಡೆದವು.

ನಮ್ಮ ಕಡೆ ಹೋಟೆಲು ತೆರೆಯುವುದೆಂದರೆ ಮದುವೆಯ ಹಾಗೆ. ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಬೇಕು, ಮನೆಮನೆಗೆ ಹೋಗಿ ಹೇಳಿಕೆ ಕೊಟ್ಟು ಕರೆಯಬೇಕು, ಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಎಂದು ಮನೆಯ ಹಿರಿಯರ ಹೆಸರು ಇರಬೇಕು. ಪ್ರೇಮಾನಂದನಿಗೆ ತಂದೆ ಇರಲಿಲ್ಲ. ಅವನು ಆ ಜಾಗದಲ್ಲಿ ಮೊದಲ ಹೆಸರಾಗಿ 'ಶ್ರೀ ಲೀಲಾಧರ ಶೆಟ್ಟಿ, ಕೊಕ್ಕರ್ಣೆ' ಎಂದು ಹಾಕಿಸಿದ, ತನ್ನದನ್ನು ಎರಡನೆಯದಾಗಿ ಹಾಕಿಸಿದ. ಅಚ್ಚಾಗಿ ಬಂದ ಪತ್ರಿಕೆಯನ್ನು ಕಂಡು ಶೆಟ್ಟರು ಬೇಡವೆನ್ನಬೇಕಾಗಿತ್ತು, ಅನ್ನಲಿಲ್ಲ. ಮೂರು ವರ್ಷದಿಂದ ಅವರ ಹೆಸರು ಕೋರ್ಟಿನ ನೋಟೀಸಿನಲ್ಲಿ ಬಿಟ್ಟರೆ ಬೇರೆಲ್ಲೂ ಅಚ್ಚಾಗಿರಲಿಲ್ಲ. ಬಸ್ಸಿನಲ್ಲಿ ಕೂತು ಆ ಸಾಲನ್ನು ನಾಲ್ಕು ಸಲ ಓದಿಕೊಂಡರು, ಊರಿನ ಪರಿಚಯದವರ ಮನೆಗಳಿಗೆ ತಾವೇ ಹೋಗಿ ಪತ್ರಿಕೆ ಕೊಟ್ಟರು.

ಎರಡನೆಯದು ಕೆಲಸದ ಚೀಟಿ. ಕೋರ್ಟಿಗೆ ತೋರಿಸಲು ಸಂಬಳದ ಒಂದು ಪತ್ರ ಬೇಕು ಎಂದು ಶೆಟ್ಟರು ಕೇಳಿದಾಗ ಪ್ರೇಮಾನಂದ ತಲೆ ತಗ್ಗಿಸಿದ.

"ನಿಮ್ಗೆ ಕೆಲ್ಸದ ಚೀಟಿ ಬರೂಕೆ ನಂಗೆ ಕೈ ಬತ್ತಿಲ್ಲೆ, ಶೆಟ್ರೆ. ಬರೂಕೆ ಕಲ್ತದ್ದೇ ನಿಮ್ಮ ಕೈಯಂಗೆ."

ಇನ್ನೊಮ್ಮೆ ಕೇಳಲು ಶೆಟ್ಟರಿಗೂ ಬಾಯಿ ಬರಲಿಲ್ಲ. ಪ್ರತಿ ತಿಂಗಳ ಒಂದನೆಯ ತಾರೀಕು ಅವನು ಮುಚ್ಚಿದ ಲಕೋಟೆಯನ್ನು ಎರಡೂ ಕೈಯಿಂದ, ಪುರೋಹಿತರಿಗೆ ದಕ್ಷಿಣೆ ಕೊಡುವಂತೆ ಕೊಡುತ್ತಿದ್ದ. ಲಕೋಟೆಯ ಮೇಲೆ ಹೆಸರಿಲ್ಲ, ಮೊತ್ತವಿಲ್ಲ. ಇಂದು ಹೇಳೋಣ, ನಾಳೆ ಹೇಳೋಣ ಎಂದು ಶೆಟ್ಟರು ವಕೀಲೆಗೂ ಹೇಳದೆ ನಾಲ್ಕು ತಿಂಗಳು ಕಳೆದರು. ರಿಸೀವರ ಬಳಿ ಅದೇ ಒಂದು ಸಾವಿರ ಕಟ್ಟಿ ರಸೀದಿ ತಂದರು.

ಹೀಗಿರುವಾಗ ಸಾಲ ಕೊಟ್ಟವರಲ್ಲಿ ಒಬ್ಬನಾದ ರಾಜೀವ ಕೋರ್ಟಿಗೆ ತಕರಾರು ಹಾಕಿದ. ಕೊಕ್ಕರ್ಣೆಯ ಶಾಲೆಯಲ್ಲಿ ಶೆಟ್ಟರ ಜೊತೆ ಒಂದೇ ಮಣೆಯಲ್ಲಿ ಕೂತವನು, ಅಕ್ಕಿ ವ್ಯಾಪಾರ ಮಾಡಿ ಕೂಡಿಟ್ಟ ನಾಲ್ಕು ಲಕ್ಷವನ್ನು ನಂಬಿ ಕೊಟ್ಟವನು. ಅರ್ಜಿದಾರ ಪಾಪರನಲ್ಲ, ಬೈಂದೂರಿನಲ್ಲಿ ಬೇರೆಯವರ ಹೆಸರಿನಲ್ಲಿ ಹೋಟೆಲು ತೆರೆದಿದ್ದಾನೆ ಎಂದು ಬರೆದು, ಅದರ ಜೊತೆ ಆ ಆಮಂತ್ರಣ ಪತ್ರಿಕೆಯನ್ನೇ ಲಗತ್ತಿಸಿದ್ದ. ನೋಟೀಸು ಕಂಡು ಪ್ರೇಮಾನಂದ ನೊಂದುಕೊಂಡ. ತಾನೇ ಕೋರ್ಟಿಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳುತ್ತೇನೆಂದು ಮಾತು ಕೊಟ್ಟ. ಅದಾಗಿ ಎಂಟು ದಿನವೂ ಆಗಿರಲಿಲ್ಲ.

ಚಿತೆ ಆರಿದ ಮೂರನೆಯ ದಿನ ಪ್ರಣೀತಾ ಫೋನು ಮಾಡಿದಳು. ಮೊದಲು ಸತ್ತವರ ಬಗ್ಗೆ ಎರಡು ಒಳ್ಳೆಯ ಮಾತಾಡಿ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದಳು. ಹೋಟೆಲಿನ ಲೈಸೆನ್ಸು, ಕರೆಂಟು ಬಿಲ್ಲು ಎಲ್ಲ ಪ್ರೇಮಾನಂದರ ಹೆಸರಿನಲ್ಲಿದೆ. ಹಾಗಾಗಿ ಶೆಟ್ಟರು ಯಜಮಾನರಲ್ಲ ಎಂದು ತೋರಿಸುವುದು ಕಷ್ಟವಲ್ಲ. ಆದರೆ ಯಜಮಾನರಲ್ಲದಿದ್ದರೆ ಕೆಲಸದವರು, ಕೆಲಸದವರಾದರೆ ಸಂಬಳವೆಷ್ಟು, ಎಂದಿನಿಂದ, ಯಾಕೆ ತಿಳಿಸಲಿಲ್ಲ ಎಂದು ಕೇಳಿಯೇ ಕೇಳುತ್ತಾರೆ.

"ಕೆಲ್ಸ ಬದ್ಲಾದ್ದ್ ತಪ್ಪಲ್ಲ, ಶೆಟ್ರೆ. ಹೇಳ್ದೆ ಇದ್ದದ್ದ್ ತಪ್ಪ್," ಎಂದಳು. ಆ ಮನೆಯಿಂದ ಸಂಬಳದ ಒಂದು ಪತ್ರ ಬೇಕು, ಅದರಲ್ಲಿ ಏನಿರುತ್ತದೋ ಅದರ ಮೇಲೆ ಎಲ್ಲ ನಿಂತಿದೆ ಎಂದಳು. ಅರ್ಜಿ ಬಿದ್ದರೆ ರಾಜೀವನ ಕೈಯಲ್ಲಿ ಸಾಲ ಕಟ್ಟಬೇಕೆಂಬ ಕೋರ್ಟಿನ ಹಳೆಯ ಡಿಕ್ರಿ ಇದೆ, ಅರವತ್ತಮೂರನೆಯ ಪ್ರಾಯಕ್ಕೆ ಜೈಲು ಕಾಣಬೇಕಾದೀತು ಎಂಬುದನ್ನು ಅವಳು ಹೇಳಲಿಲ್ಲ. ಶೆಟ್ಟರಿಗೆ ಅದು ಗೊತ್ತಿತ್ತು.

ಸಾವಿನ ಮನೆಯಲ್ಲಿ ಇಂಥದ್ದನ್ನು ಕೇಳುವುದು ಹೇಗೆ? ಶನಿವಾರ ಅಲ್ಲಿ ಹೋಗಿ ಕೂತ ಶೆಟ್ಟರು ಕೇಳದೆಯೇ ಎದ್ದು ಹೊರಟಿದ್ದರು. ಅಂಗಳದಲ್ಲಿ ಪ್ರೇಮಾನಂದನ ಮಗ ಯೋಗೀಶ್ ಅವರನ್ನು ತಡೆದ. ಬೋಳಿಸಿದ ತಲೆ, ಕಣ್ಣು ಕೆಂಪಗಿತ್ತು. ತಂದೆ ಎಲ್ಲ ಹೇಳಿದ್ದರಂತೆ. ಅವನೇ ಒಂದು ಪತ್ರ ಬರೆದು ಮಡಚಿಟ್ಟಿದ್ದ. ಶೆಟ್ಟರು ಬಿಡಿಸಿ ಓದಿದರು. 'ನಮ್ಮ ಹೋಟೆಲಿನಲ್ಲಿ ತಿಂಗಳಿಗೆ ಹತ್ತು ಸಾವಿರ ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದಾರೆ' ಎಂದಿತ್ತು.

"ಇದ್ ಹತ್ತಲ್ಲ ಮಗಾ," ಎಂದರು ಶೆಟ್ಟರು.

"ಗೊತ್ತಿತ್ತ್, ಮಾಮ. ಒಂಬತ್ತ್ ಇದ್ದದ್ದ್ ಹತ್ತ್ ಆಯ್ತ್ ಅಂದ್ರೆ ಯಾರೂ ಎಂತದೂ ಕೇಂತಿಲ್ಲೆ. ಉಳ್ದದ್ದ್ ನಾ ಕೈಯಂಗೆ ಕೊಡ್ತೆ. ಅಪ್ಪಯ್ಯ ಲಕೋಟಿಗೆ ಎಷ್ಟ್ ಹಾಕ್ತಿದ್ರ್ ಅಂದೇಳಿ ಯಾರಿಗೆ ಗೊತ್ತಿತ್ತ್? ಅವ್ರೇ ಇಲ್ಲೆ ಈಗ."

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಂದೆಯ ಗುರುವಿಗೆ ಕಷ್ಟ ಬರಬಾರದೆಂಬುದೊಂದೇ ಆಸೆ. ಶೆಟ್ಟರು ಪತ್ರವನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದರು. ಮರವಂತೆಯ ಹತ್ತಿರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಎರಡರ ನಡುವೆ ಬಸ್ಸು ತನ್ನ ಪಾಡಿಗೆ ಓಡುತ್ತಿತ್ತು. ಅವರು ಯಾವ ಕಡೆಗೂ ನೋಡಲಿಲ್ಲ. ಕಿಸೆಯ ಕಾಗದ ಎದೆಗೆ ತಾಗುತ್ತಿತ್ತು. ಒಂದು ಸಹಿ, ಒಂದು ಅಂಕೆ, ಅಷ್ಟೇ. ಪಾಪರ್ ಕೇಸು ಇನ್ನೊಂದು ವರ್ಷದಲ್ಲಿ ಮುಗಿಯುತ್ತದೆ, ಉಳಿದ ಕಾಲ ತಲೆ ಎತ್ತಿ ನಡೆಯಬಹುದು. ಜೊತೆಗೆ ಬೇರೊಂದು ಖರ್ಚೂ ಕಾದಿತ್ತು. ಉಮಾವತಿಯ ಬಲಗಣ್ಣಿನ ಪೊರೆ ತೆಗೆಸಿ ಆಗಿತ್ತು, ಎಡಗಣ್ಣಿನದನ್ನು ದೀಪಾವಳಿಯ ಒಳಗೆ ಮಣಿಪಾಲದಲ್ಲಿ ತೆಗೆಸಬೇಕೆಂದು ಲಕೋಟೆಯ ದುಡ್ಡಿನಲ್ಲಿ ಅವರು ಸ್ವಲ್ಪ ಸ್ವಲ್ಪ ಎತ್ತಿಡುತ್ತಿದ್ದರು.

ಮರುದಿನ ಮಧ್ಯಾಹ್ನ ಊಟವಾದ ಮೇಲೆ ಪತ್ರವನ್ನು ಹೆಂಡತಿಯ ಮುಂದೆ ಇಟ್ಟರು. ಅವಳು ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಓದಿದಳು.

"ಇದ್ರಂಗೆ ಪ್ರೇಮಾನಂದನ ಮಾತ್ ಎಲ್ಲಿತ್ತ್?" ಎಂದಳು.

ಶೆಟ್ಟರು ಪತ್ರಕ್ಕೆ ಕೈ ಚಾಚಿದರು.

"ಹ್ವಾಯ್, ಕಾರ್ಡಂಗೆ ಹೆಸ್ರ್ ಕಾಂಬುಕೆ ಚಂದ ಇದ್ದಿತ್ತಲ್ದಾ? ಈಗ ಅದ್ರ ಬಾಡಿಗಿ ಕಟ್ಟಿ."

ಅವಳ ಮಾತು ಚುಚ್ಚಿತು, ಚುಚ್ಚಬೇಕಾದ ಕಡೆಯೇ ಚುಚ್ಚಿತು. ಕಣ್ಣಿನ ವಿಷಯ ಅವರು ಎತ್ತಿದಾಗ ಅವಳು ಬಟ್ಟಲು ಎತ್ತುತ್ತಾ, ನಿಮ್ಮ ಮುಖ ಕಾಂಬುಕೆ ಒಂದ್ ಕಣ್ಣೇ ಧಾರಾಳ ಆಯ್ತ್ ಎಂದು ನಕ್ಕಳು. ಆಮೇಲೆ ನಗು ಬಿಟ್ಟು, ಅವ ನಿಮ್ಮನ್ನ್ ದೊಡ್ಡವ್ರ್ ಮಾಡ್ದ, ನೀವ್ ಅವ್ನ್ನ ಸಣ್ಣವ ಮಾಡ್ಬೇಡಿ ಎಂದಳು.

ಶೆಟ್ಟರು ದೇವರ ಮುಂದೆ ಬಹಳ ಹೊತ್ತು ಕೂತರು. ಬದುಕಿದವನ ಹೆಸರಿನಲ್ಲಿ ಸುಳ್ಳು ಹೇಳಿದರೆ ಅವನು ಎದ್ದು ಬಂದು ಅಲ್ಲವೆನ್ನಬಹುದು. ಸತ್ತವನಿಗೆ ಅದೂ ಇಲ್ಲ. ಅವನು ಎರಡೂ ಕೈಯಿಂದ ಕೊಟ್ಟದ್ದನ್ನು ಕೊಡಲೇ ಇಲ್ಲವೆಂದು ಬರೆಸಿದರೆ, ಬೂದಿ ಇನ್ನೂ ಬೆಚ್ಚಗಿರುವಾಗಲೇ ಅವನ ಒಳ್ಳೆಯತನವನ್ನು ಕದ್ದ ಹಾಗೆ. ಜೈಲಿನ ಭಯ ಹೋಗಲಿಲ್ಲ. ಆದರೆ ಅದಕ್ಕಿಂತ ದೊಡ್ಡದೊಂದು ಭಯ ಪಕ್ಕದಲ್ಲಿ ಬಂದು ಕೂತಿತು.

ಸೋಮವಾರ ಪತ್ರವನ್ನು ಯೋಗೀಶನಿಗೆ ತಿರುಗಿ ಕೊಟ್ಟರು. ಇದ್ದದ್ದನ್ನು ಬರೆ, ಬಂದದ್ದನ್ನು ನಾನು ಅನುಭವಿಸುತ್ತೇನೆ ಎಂದರು. ಅವನು ವಾದಿಸಿದ, ಬೇಡಿಕೊಂಡ. ಒಳಕೋಣೆಯ ಬಾಗಿಲ ಮರೆಯಲ್ಲಿ ಕೂತಿದ್ದ ಪ್ರಫುಲ್ಲಾ ಐದು ದಿನದಲ್ಲಿ ಮೊದಲ ಬಾರಿಗೆ ಬಾಯಿ ತೆರೆದಳು.

"ಇಪ್ಪತ್ತೆಂಟ್ ಅಂದೇಳಿ ಬರಿ, ಮಗಾ. ಲಕೋಟಿಗೆ ಹಾಕುಕೆ ಮುಂಚೆ ಅವ್ರ್ ನನ್ ಕೈಯಂಗೆ ಎಣ್ಸ್ತಿದ್ರ್. ಹೊಸ ನೋಟ್ ಮಾತ್ರ ಆರ್ಸ್ ಅಂತಿದ್ರ್."

ಯೋಗೀಶ್ ಬೇರೊಂದು ಕಾಗದ ತಂದು, ಮೇ ತಿಂಗಳಿಂದ ಇಪ್ಪತ್ತೆಂಟು ಸಾವಿರವೆಂದು ಬರೆದು ಸಹಿ ಹಾಕಿದ.

ಮಂಗಳವಾರ ಕೋರ್ಟಿನಲ್ಲಿ ಅವರ ಹೆಸರು ಕೂಗಿದಾಗ ಹನ್ನೆರಡು ಗಂಟೆ ದಾಟಿತ್ತು. ರಾಜೀವ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಪ್ರಣೀತಾ ಲೈಸೆನ್ಸಿನ ಪ್ರತಿ, ಮರಣದ ವಿಷಯ, ಯೋಗೀಶನ ಪತ್ರ ಮೂರನ್ನೂ ಮುಂದಿಟ್ಟಳು. ಎದುರು ವಕೀಲರು ಪತ್ರ ಓದಿದ್ದೇ, ನಾಲ್ಕು ತಿಂಗಳು ಇಪ್ಪತ್ತೆಂಟು ಸಾವಿರ ತೆಗೆದುಕೊಂಡು ಒಂಬತ್ತೇ ಸಾವಿರದವರ ಹಾಗೆ ಸಾವಿರ ಕಟ್ಟಿದ್ದಾರೆ, ಇಂಥವರಿಗೆ ಕೋರ್ಟಿನ ಆಸರೆ ಯಾಕೆ ಎಂದು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ನ್ಯಾಯಾಧೀಶರು ಶೆಟ್ಟರನ್ನೇ ಕರೆದು ಕೇಳಿದರು, ಯಾಕೆ ತಿಳಿಸಲಿಲ್ಲ?

ಶೆಟ್ಟರು ದಾರಿಯುದ್ದಕ್ಕೂ ಉತ್ತರ ಹೊಂದಿಸಿಕೊಂಡು ಬಂದಿದ್ದರು. ನಿಂತಾಗ ಅದು ಯಾವುದೂ ನೆನಪಿಗೆ ಬರಲಿಲ್ಲ. ಬಂದದ್ದನ್ನು ಹೇಳಿದರು.

"ಮೊದ್ಲ್ ಅವ್ನ ಯಜಮಾನ ಆಗಿದ್ದೆ, ಸ್ವಾಮಿ. ಅವ್ನ ಹತ್ರ ಸಂಬ್ಳದ ಚೀಟಿ ಎರಡ್ನೇ ಸಲ ಕೇಂಬುಕೆ ನಾಚ್ಕಿ ಆಯ್ತ್. ಕಾರ್ಡಂಗೆ ಹೆಸ್ರ್ ಬಂದದ್ದಕ್ಕೆ ಮಾತ್ರ ನಾಚ್ಕಿ ಆಯ್ಲಿಲ್ಲೆ, ಖುಷಿ ಆಯ್ತ್. ತಪ್ಪ್ ನಂದೇ. ಅವಂದ್ ಎಂತದೂ ಇಲ್ಲೆ."

ನ್ಯಾಯಾಧೀಶರು ಅದನ್ನು ಬರೆದುಕೊಂಡರು. ಊಟದ ವಿರಾಮದ ನಂತರ ಆದೇಶವಾಯಿತು. ಹೋಟೆಲು ಶೆಟ್ಟರದಲ್ಲ, ಆ ತಕರಾರು ನಿಲ್ಲುವುದಿಲ್ಲ. ಸಂಬಳ ತಿಳಿಸದಿದ್ದದ್ದು ತಪ್ಪು, ಕೇಳಿದಾಗ ಅಡಗಿಸದೆ ಹೇಳಿದ್ದರಿಂದ ಅರ್ಜಿಯನ್ನು ಈ ಸಲ ವಜಾ ಮಾಡಿಲ್ಲ, ಇನ್ನೊಮ್ಮೆ ಹೀಗಾದರೆ ಅವಕಾಶವಿಲ್ಲ. ಇನ್ನು ಮೇಲೆ ತಿಂಗಳಿಗೆ ಹತ್ತು ಸಾವಿರ ಕಟ್ಟಬೇಕು. ಹಿಂದಿನ ನಾಲ್ಕು ತಿಂಗಳ ವ್ಯತ್ಯಾಸ ಮೂವತ್ತಾರು ಸಾವಿರವನ್ನು ಒಂದು ವರ್ಷದಲ್ಲಿ ಕಂತಿನ ಮೇಲೆ ತೀರಿಸಬೇಕು. ಒಂದು ವರ್ಷದಲ್ಲಿ ಮುಗಿಯಬೇಕಾಗಿದ್ದ ಕೇಸು ಎರಡು ವರ್ಷ ಮುಂದೆ ಹೋಯಿತು. ಎಡಗಣ್ಣೂ ಅದರ ಜೊತೆಗೇ ಮುಂದೆ ಹೋಯಿತು.

ಹೊರಗಿನ ಜಗಲಿಯಲ್ಲಿ ರಾಜೀವ ಕಂಬಕ್ಕೆ ಒರಗಿ ನಿಂತಿದ್ದ. ಮುಖ ತಪ್ಪಿಸಿ ಹೋಗುವಂತಿರಲಿಲ್ಲ. ಶೆಟ್ಟರೇ ಹತ್ತಿರ ಹೋದರು. ನಿನ್ನ ದುಡ್ಡಿಗಾಗಿ ನೀನು ಮಾಡಿದ್ದು ಸರಿಯೇ ಎಂದರು.

"ದುಡ್ಡಿಗಲ್ಲ ಮಾರಾಯ," ಎಂದ ರಾಜೀವ. ದನಿಯಲ್ಲಿ ಸಿಟ್ಟು ಇನ್ನೂ ಇತ್ತು. "ಆ ಕಾರ್ಡ್ ಬೇರೆಯವ್ರ ಮನಿಯಂಗೆ ಕಂಡದ್ದ್ ನಾನ್. ನಿನ್ ಹೆಸ್ರ್ ಕಂಡ್ ಮೊದ್ಲ್ ಖುಷಿ ಆದದ್ದ್. ಊರಿಗೆಲ್ಲ ಹೇಳ್ಕಿ ಕೊಟ್ಟ್ ನಂಗ್ ಒಬ್ನಿಗೆ ಕೊಡ್ಲಿಲ್ಲೆ ನೀನ್."

ಅದು ನಿಜವೇ ಆಗಿತ್ತು. ಕೊಡಬೇಕಾದ ದುಡ್ಡು ಕೊಡದೆ ಹೋಟೆಲು ತೆರೆಯುವುದಕ್ಕೆ ಕರೆಯುವುದು ಹೇಗೆಂದು, ರಾಜೀವನ ಮನೆಯ ದಾರಿಯನ್ನೇ ಶೆಟ್ಟರು ತಪ್ಪಿಸಿದ್ದರು. ಸಾಲ ಬಾಕಿ ಇಟ್ಟದ್ದನ್ನು ಮೂರು ವರ್ಷ ತಾಳಿಕೊಂಡವನು ಹೇಳಿಕೆ ತಪ್ಪಿದ್ದನ್ನು ತಾಳಿಕೊಳ್ಳಲಿಲ್ಲ.

"ನಿನ್ ಮುಖ ಕಾಂಬುಕೆ ಧೈರ್ಯ ಇರ್ಲಿಲ್ಲೆ," ಎಂದರು.

"ಕೋರ್ಟಂಗೆ ಕಾಂಬುಕೆ ಧೈರ್ಯ ಬಂತಲೆ," ಎಂದ ರಾಜೀವ. ಮೋರೆ ಸಡಿಲವಾಗಲಿಲ್ಲ. ಆದರೆ ಹೋಗುವ ಮೊದಲು, ಸತ್ತವ ಒಳ್ಳೆಯವನಿರಬೇಕು, ಅವನ ಮಗನ ಪತ್ರದಲ್ಲೇ ಗೊತ್ತಾಯಿತು ಎಂದು ಹೇಳಿ ಬ್ರಹ್ಮಾವರದ ಬಸ್ಸಿಗೆ ಹೋದ.

ಹದಿಮೂರನೆಯ ದಿನದ ಉತ್ತರಕ್ರಿಯೆಗೆ ಶೆಟ್ಟರು ಉಮಾವತಿಯನ್ನು ಕರೆದುಕೊಂಡು ಬೈಂದೂರಿಗೆ ಹೋದರು. ಒಳಕೋಣೆಯಲ್ಲಿ ಸತ್ತವನಿಗೆಂದು ಬಾಳೆಲೆ ಹಾಕಿ, ಅವನಿಗೆ ಇಷ್ಟವಾದದ್ದೆಲ್ಲ ಬಡಿಸಿದ್ದರು. ಎಲೆಯ ಮುಂದೆ ನಿಂತು ಪ್ರಾರ್ಥನೆ ಹೇಳಲು ಮನೆಯ ಹಿರಿಯರು ಬೇಕು. ಯೋಗೀಶ್ ಬಂದು ಶೆಟ್ಟರ ಕೈ ಹಿಡಿದು ಕರೆದ. ತಾನು ಈ ಮನೆಯ ಸಂಬಳದವನು, ನೆಂಟರಲ್ಲಿ ಯಾರಾದರೂ ಹೇಳಲಿ ಎಂದರು ಶೆಟ್ಟರು. ಪ್ರಫುಲ್ಲಾ ನೀವೇ ಹೇಳಬೇಕು ಎಂದಳು. ಅವರು ಶಾಲು ಸೊಂಟಕ್ಕೆ ಕಟ್ಟಿ, ಬೈಂದೂರಿನ ದೇವರು ಸೇನೇಶ್ವರನಿಗೆ ಕೈ ಮುಗಿದು ನಿಂತರು. ಹಿಂದೆ ಎಲ್ಲರೂ ಕೈ ಮುಗಿದರು.

"ಸ್ವಾಮಿ ಸೇನೇಶ್ವರಾ, ನಿನ್ನ ಊರಂಗೆ ಹತ್ತ್ ಮಂದಿಗೆ ಅನ್ನ ಇಕ್ಕಿದವ ಇವ. ಹಸ್ದ್ ಬಂದವ್ರನ್ನ್ ಜಾತಿ ಕೇಣ್ಲಿಲ್ಲೆ, ಬಿದ್ದವ್ರನ್ನ್ ಎಂತಕೆ ಬಿದ್ರಿ ಅಂದೇಳಿ ಕೇಣ್ಲಿಲ್ಲೆ. ಗೊತ್ತಿದ್ದ್ ಗೊತ್ತಿಲ್ದೆ ತಪ್ಪ್ ಮಾಡಿದ್ರೆ ನಿನ್ನ ಹೊಟ್ಟಿಗ್ ಹಾಕ್ಕೋ. ಇವ್ನ ಹೆಂಡ್ತಿಗೆ, ಮಗನಿಗೆ ತಡ್ಕಂಬು ಶಕ್ತಿ ಕೊಡ್. ಇವ್ನಿಗೆ ಇನ್ನ್ ಓಡಾಟ ಬೇಡ, ಸ್ವಾಮಿ, ನಿನ್ನ ಪಾದದ ಹತ್ರ ಒಂದ್ ಜಾಗ ಕೊಡ್. ಇವ್ನ ಆತ್ಮ ತಣ್ಣಗೆ ಇರ್ಲಿ."